ವಿಮಾನ ಎಲ್ಲಿ ಕಾಯಬೇಕು: ಗೇಟಿನಲ್ಲೋ, ದಾರಿಯಲ್ಲೋ, ಮುಂಬೈಯ ತಲೆ ಮೇಲೋ?

ಹೋದ ಸಲ ಊರಿಂದ ಬರುವಾಗ ಪಕ್ಕದ ಸೀಟಿನಲ್ಲಿ ಕುಂದಾಪುರ ಕಡೆಯ ಹೋಟೆಲ್ ಶೆಟ್ರೊಬ್ಬರು ಕೂತಿದ್ದರು. ಮಂಗಳೂರಿನಿಂದ ಹೊರಟದ್ದು ಸರಿಯಾದ ಹೊತ್ತಿಗೆ. ಮುಂಬೈ ಹತ್ತಿರ ಬಂದ ಮೇಲೆ ವಿಮಾನ ಕಡಲ ಮೇಲೆ ಸುತ್ತು ಹಾಕತೊಡಗಿತು. ಮೂರನೇ ಸುತ್ತಿಗೆ ಶೆಟ್ರು ಕಿಟಕಿಯಿಂದ ಮುಖ ತಿರುಗಿಸಿ, "ಎಂತ ಮಾರಾಯ್ರೆ, ಅದೇ ಹಡಗು ಮೂರನೇ ಸಲ ಕಾಣ್ತಾ ಉಂಟಲ್ಲ" ಎಂದರು.

ನಾನು ವಿಮಾನ ಕಂಪನಿಯೊಂದರ ಡಿಸ್‌ಪ್ಯಾಚ್ ಕೋಣೆಯಲ್ಲಿ ವರ್ಷಗಟ್ಟಲೆ ಕೂತವನು. ಯಾವ ವಿಮಾನಕ್ಕೆ ಎಷ್ಟು ಇಂಧನ ತುಂಬಬೇಕು ಎಂದು ಲೆಕ್ಕ ಹಾಕುವುದೇ ನನ್ನ ಕೆಲಸವಾಗಿತ್ತು. ಕೆಳಗೆ ರನ್‌ವೇಗೆ ಕ್ಯೂ ಇದೆ, ನಮ್ಮ ಸರದಿ ಇನ್ನೂ ಬಂದಿಲ್ಲ ಎಂದೆ. ಶೆಟ್ರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಮಂಗಳೂರಲ್ಲೇ ಇಪ್ಪತ್ತು ನಿಮಿಷ ಕೂರಿಸಬಹುದಿತ್ತಲ್ಲ? ಎಣ್ಣೆಯಾದ್ರೂ ಉಳೀತಿತ್ತು" ಎಂದರು.

ಹೋಟೆಲ್ ನಡೆಸುವವರಿಗೆ ಕ್ಯೂ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಮುಂಬೈಯ ಮಾಟುಂಗಾದಲ್ಲಿ ಭಾನುವಾರ ಬೆಳಿಗ್ಗೆ ದೋಸೆಗೆ ಹೋದವರಿಗೆ ಇದು ಗೊತ್ತು. ಕೆಲವು ಕಡೆ ಉಣ್ಣುವವರ ಕುರ್ಚಿ ಹಿಂದೆಯೇ ನಿಲ್ಲಬೇಕು. ಕೆಲವು ಕಡೆ ಬಾಗಿಲಲ್ಲಿ ಹೆಸರು ಬರೆಸಿ ಹೊರಗೆ ಅಡ್ಡಾಡಬಹುದು. ಕಾಯುವುದು ಎರಡರಲ್ಲೂ ಅಷ್ಟೇ. ಆಯ್ಕೆ ಇರುವುದು ಎಲ್ಲಿ ಕಾಯಬೇಕು ಎನ್ನುವುದರಲ್ಲಿ. ವಿಮಾನದ ವಿಷಯದಲ್ಲಿ ಆ ಆಯ್ಕೆಗೆ ಟನ್‌ಗಟ್ಟಲೆ ಇಂಧನದ ಬೆಲೆ ಇದೆ. ಹಾಗಾಗಿ ಒಂದೊಂದೇ ದಾರಿಯನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲು, ಕ್ಯೂ ಯಾಕೆ?

ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಿಮಾನ ನಿಲ್ದಾಣದಲ್ಲಿ ರನ್‌ವೇ ಎರಡಿವೆ. ಆದರೆ ಕತ್ತರಿಯ ಹಾಗೆ ಒಂದನ್ನೊಂದು ದಾಟುತ್ತವೆ. ಹಾಗಾಗಿ ಲೆಕ್ಕಕ್ಕೆ ಎರಡು, ಕೆಲಸಕ್ಕೆ ಒಂದು. ಅದೇ ಒಂದರ ಮೇಲೆ ಏರುವವೂ ಇಳಿಯುವವೂ ಸರದಿಯಲ್ಲಿ ಹೋಗಬೇಕು. ಹೀಗಿದ್ದೂ 2018ರಲ್ಲಿ ಒಂದೇ ದಿನ ಸಾವಿರಕ್ಕೂ ಜಾಸ್ತಿ ವಿಮಾನಗಳು ಇಲ್ಲಿ ಏರಿಳಿದಿವೆ. ಜಗತ್ತಿನಲ್ಲಿ ಇಂಥ ಸರ್ಕಸ್ ಮಾಡುವ ಊರುಗಳು ಕಡಿಮೆ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವೇ ಕಡಿವಾಣ ಹಾಕಬೇಕಾಯಿತು. ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 46 ಇದ್ದ ವಿಮಾನಗಳನ್ನು 44ಕ್ಕೆ ಇಳಿಸಿದರು. ಉಳಿದ ಹೊತ್ತಿನಲ್ಲಿ 44 ಇದ್ದದ್ದು 42 ಆಯಿತು. ದಟ್ಟಣೆಯ ಹೊತ್ತಿನಲ್ಲಿ ಬಿಸಿನೆಸ್ ಜೆಟ್‌ಗಳಿಗೂ ತಡೆ ಬಿತ್ತು. ಆಗ ಸರ್ಕಾರ ಕೊಟ್ಟ ಲೆಕ್ಕ ಹೀಗಿತ್ತು: ವಿಮಾನಗಳು ಊರಿನ ಮೇಲೆ 40ರಿಂದ 60 ನಿಮಿಷ ಸುತ್ತುತ್ತಿದ್ದವು. ಒಂದು ವಿಮಾನಕ್ಕೆ ಗಂಟೆಗೆ ಸರಾಸರಿ 2,000 ಕೆ.ಜಿ. ಇಂಧನ ಬೇಕು. 40 ನಿಮಿಷ ಸುತ್ತಿದರೆ ಸುಮಾರು 1.8 ಲಕ್ಷ ರೂಪಾಯಿ ಹೊಗೆಯಾಗಿ ಹೋಗುತ್ತದೆ. ಒಂದು ಗಂಟೆಗೆ ಸುಮಾರು 2.6 ಲಕ್ಷ.

ಗಂಟೆಗೆ 44ರಲ್ಲಿ ಅರ್ಧ ಇಳಿಯುವವು ಎಂದುಕೊಳ್ಳಿ. ಎರಡೂಮುಕ್ಕಾಲು ನಿಮಿಷಕ್ಕೆ ಒಂದು ವಿಮಾನ ಇಳಿಯಬಹುದು. ಸಂಜೆ ಏಳರ ಹೊತ್ತಿಗೆ ಹತ್ತು ವಿಮಾನಗಳು ಹತ್ತೇ ನಿಮಿಷದೊಳಗೆ ಬಂದರೆ? ನಾಲ್ಕು ಇಳಿಯುತ್ತವೆ, ಆರು ಕಾಯುತ್ತವೆ. ನನ್ನ ಮನೆ ಘಾಟ್ಕೋಪರ್‌ನಲ್ಲಿ. ಪಡುವಣ ಗಾಳಿ ಇದ್ದಾಗ ಇಳಿಯುವ ವಿಮಾನಗಳು ಕೋಪರ್‌ಖೈರಣೆ ದಾಟಿ ನಮ್ಮ ತಲೆ ಮೇಲಿಂದ ಕುರ್ಲಾ ಕಡೆ ಹೋಗುತ್ತವೆ. ರಾತ್ರಿ ಬಾಲ್ಕನಿಯಲ್ಲಿ ನಿಂತರೆ ದೀಪಗಳ ಸಾಲು ಕಾಣುತ್ತದೆ. ನೋಡಲು ಚೆಂದವೇ. ಆದರೆ ಸಾಲಿನ ಹಿಂದೆ ಕಾಣದೆ ಸುತ್ತುತ್ತಿರುವವುಗಳ ಲೆಕ್ಕ ನನ್ನ ತಲೆಯಿಂದ ಹೋಗುವುದಿಲ್ಲ. ಕಸುಬಿನ ದೋಷ.

ಊರಿನ ಮೇಲೆ ಸುತ್ತುವುದು

ಇದಕ್ಕೆ ಹೋಲ್ಡಿಂಗ್ ಎನ್ನುತ್ತಾರೆ. ಓಟದ ಟ್ರ್ಯಾಕ್ ಥರದ ದಾರಿ. ಒಂದು ನಿಮಿಷ ನೇರ, ಒಂದು ನಿಮಿಷ ತಿರುವು, ಮತ್ತೆ ಒಂದು ನಿಮಿಷ ನೇರ, ಒಂದು ನಿಮಿಷ ತಿರುವು. ಒಟ್ಟು ನಾಲ್ಕು ನಿಮಿಷಕ್ಕೆ ಒಂದು ಸುತ್ತು. 14,000 ಅಡಿಗಿಂತ ಮೇಲಿದ್ದರೆ ನೇರ ಭಾಗ ಒಂದೂವರೆ ನಿಮಿಷ. ಒಂದರ ಮೇಲೊಂದು ಸಾವಿರ ಅಡಿ ಅಂತರದಲ್ಲಿ ವಿಮಾನಗಳು ನಿಲ್ಲುತ್ತವೆ, ಇಡ್ಲಿ ಸ್ಟ್ಯಾಂಡಿನ ತಟ್ಟೆಗಳ ಹಾಗೆ. ಕೆಳಗಿನದು ಹೊರಟ ಮೇಲೆ ಮೇಲಿನದು ಒಂದೊಂದು ಮೆಟ್ಟಿಲು ಇಳಿಯುತ್ತದೆ.

ಎಲ್ಲರೂ ಬೈಯುವ ಪದ್ಧತಿ ಇದು. ಆದರೂ ಇದರಲ್ಲೊಂದು ಗುಣ ಇದೆ. ಬಾಗಿಲಲ್ಲೇ ಯಾರೋ ಕಾಯುತ್ತಿದ್ದರೆ ಟೇಬಲ್ ಒಂದು ಕ್ಷಣವೂ ಖಾಲಿ ಬೀಳುವುದಿಲ್ಲ. ರನ್‌ವೇಯೂ ಹಾಗೆಯೇ. ಯಾವುದೋ ವಿಮಾನ ತಡವಾದರೆ, ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಸುತ್ತುತ್ತಿರುವ ಇನ್ನೊಂದನ್ನು ಕರೆದು ಆ ಜಾಗ ತುಂಬಿಸುತ್ತಾರೆ.

ಬೆಲೆ ಮಾತ್ರ ದುಬಾರಿ. 20 ನಿಮಿಷಕ್ಕೆ ಸುಮಾರು 670 ಕೆ.ಜಿ. ಇಂಧನ. ಒಂದು ಕೆ.ಜಿ. ಇಂಧನ ಉರಿದರೆ 3.16 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ಇಪ್ಪತ್ತು ನಿಮಿಷದ ಪ್ರದಕ್ಷಿಣೆಗೆ ಎರಡು ಟನ್‌ಗೂ ಜಾಸ್ತಿ. ಜೊತೆಗೆ ಹೊರಗಿನವರಿಗೆ ಕಾಣದ ಒಂದು ಖರ್ಚಿದೆ. ಮುಂಬೈಯಲ್ಲಿ ಸುತ್ತಬೇಕಾದೀತು ಎಂಬ ಹೆದರಿಕೆಗೆ ನಮ್ಮಂಥವರು ಹೊರಡುವಾಗಲೇ ಹೆಚ್ಚುವರಿ ಇಂಧನ ತುಂಬಿಸುತ್ತೇವೆ. ಆ ಭಾರ ಹೊತ್ತು ಹಾರಲು ಮತ್ತೆ ಇಂಧನ ಬೇಕು. ಹೆಚ್ಚುವರಿ ಭಾರದಲ್ಲಿ ಗಂಟೆಗೆ ಸುಮಾರು ಮೂರು ನಾಲ್ಕು ಪರ್ಸೆಂಟ್ ಅದನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಸುತ್ತಲಿ ಬಿಡಲಿ, ಇದು ದಿನಾ ಆಗುವ ನಷ್ಟ.

ಗೇಟಿನಲ್ಲೇ ಕೂರಿಸುವುದು

ಶೆಟ್ರು ಹೇಳಿದ್ದು ಇದನ್ನೇ. ದೇಶದಲ್ಲಿ ಇದಕ್ಕೊಂದು ವ್ಯವಸ್ಥೆಯೂ ಇದೆ. ದೆಹಲಿಯಲ್ಲಿರುವ ಏರ್‌ಪೋರ್ಟ್ಸ್ ಅಥಾರಿಟಿಯ ಕಮಾಂಡ್ ಸೆಂಟರ್ ಯಾವ ನಿಲ್ದಾಣಕ್ಕೆ ಯಾವ ಹೊತ್ತಲ್ಲಿ ಎಷ್ಟು ವಿಮಾನ ಬರಲಿವೆ ಎಂದು ನೋಡುತ್ತದೆ. ಜಾಸ್ತಿ ಅನ್ನಿಸಿದರೆ ಹೊರಡುವ ಊರಿನಲ್ಲೇ ತಡೆದು, ಇಷ್ಟು ಗಂಟೆಗೆ ಟೇಕಾಫ್ ಆಗಬೇಕು ಎಂದು ಸಮಯ ಕೊಡುತ್ತದೆ. ನಮ್ಮ ಕೋಣೆಯ ಭಾಷೆಯಲ್ಲಿ ಅದು 'ಸಿ-ಟಾಟ್'. "ಮುಂಬೈಗೆ ಸಿ-ಟಾಟ್ ಬಂತಾ?" ಎಂದು ಕೇಳದ ಸಂಜೆ ನನಗೆ ನೆನಪಿಲ್ಲ.

ಇಂಧನದ ಲೆಕ್ಕದಲ್ಲಿ ಇದಕ್ಕೆ ಸಾಟಿಯೇ ಇಲ್ಲ. ಎಂಜಿನ್ ಆಫ್. ಬಾಲದಲ್ಲಿರುವ ಎಪಿಯು ಎಂಬ ಪುಟ್ಟ ಸಹಾಯಕ ಎಂಜಿನ್ ಮಾತ್ರ ಏಸಿಗೂ ದೀಪಕ್ಕೂ ಓಡುತ್ತಿರುತ್ತದೆ. ಏರ್‌ಬಸ್ 320ರಂಥ ವಿಮಾನದಲ್ಲಿ ಅದಕ್ಕೆ ನಿಮಿಷಕ್ಕೆ ಎರಡು ಕೆ.ಜಿ. ಸಾಕು. ಇಪ್ಪತ್ತು ನಿಮಿಷಕ್ಕೆ 40 ಕೆ.ಜಿ. ನೆಲದ ಕರೆಂಟ್ ಮತ್ತು ತಂಪು ಗಾಳಿಯ ಪೈಪ್ ಸಿಕ್ಕಿದರೆ ಅದೂ ಬೇಡ. ಅದೇ ಪುಷ್‌ಬ್ಯಾಕ್ ಮಾಡಿ, ಅಂದರೆ ಗೇಟಿನಿಂದ ಹಿಂದಕ್ಕೆ ತಳ್ಳಿಸಿಕೊಂಡು, ಎಂಜಿನ್ ಹಚ್ಚಿ, ರನ್‌ವೇಗೆ ಹೋಗುವ ದಾರಿಯಾದ ಟ್ಯಾಕ್ಸಿವೇಯಲ್ಲಿ ನಿಂತರೆ ನಿಮಿಷಕ್ಕೆ ಸುಮಾರು 12 ಕೆ.ಜಿ. ಹೋಗುತ್ತದೆ, ಇಪ್ಪತ್ತು ನಿಮಿಷಕ್ಕೆ 240. ನೆಲದ ಮೇಲೆ ಕಾಯುವುದೆಲ್ಲ ಒಂದೇ ಅಲ್ಲ. ಗೇಟು ಬೇರೆ, ಟ್ಯಾಕ್ಸಿವೇ ಬೇರೆ.

ಹಾಗಾದರೆ ಎಲ್ಲವನ್ನೂ ಗೇಟಲ್ಲೇ ಕೂರಿಸಬಹುದಲ್ಲ? ಆಗುವುದಿಲ್ಲ. ಚಿಕ್ಕ ನಿಲ್ದಾಣಗಳಲ್ಲಿ ನಿಲ್ಲುವ ಜಾಗವೇ ಕಡಿಮೆ. ಇದು ಕದಲದೆ ಮುಂದಿನ ವಿಮಾನ ಬಂದು ನಿಲ್ಲುವಂತಿಲ್ಲ. ಮುನ್ನೋಟವೂ ತಪ್ಪಬಹುದು. ಒಂದೂಕಾಲು ಗಂಟೆ ಮುಂಚೆ ಹಾಕಿದ ಲೆಕ್ಕ, ದಾರಿಯ ಗಾಳಿಗೆ ಐದು ನಿಮಿಷ ಆಚೀಚೆ ಆಗುತ್ತದೆ. ಎಲ್ಲರನ್ನೂ ದೂರದಲ್ಲೇ ಕೂರಿಸಿ, ಕೊನೆಗೆ ಮುಂಬೈಯ ರನ್‌ವೇ ನಾಲ್ಕು ನಿಮಿಷ ಖಾಲಿ ಬಿದ್ದರೆ ಆ ಜಾಗ ಹೋಯಿತು. ವಾಪಸು ಬರುವುದಿಲ್ಲ.

ನ್ಯಾಯದ ಪ್ರಶ್ನೆಯೂ ಇದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ದುಬೈನಿಂದ, ಲಂಡನ್ನಿಂದ ಬರುವ ವಿಮಾನ ಆಗಲೇ ಆಕಾಶದಲ್ಲಿದೆ. ಅದನ್ನು ಗೇಟಿಗೆ ವಾಪಸು ಕಳಿಸಲು ಸಾಧ್ಯವೇ? ಹಾಗಾಗಿ ತಡೆ ಬೀಳುವುದು ಇನ್ನೂ ಹೊರಡದವರ ಮೇಲೆ: ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಗೋವಾ. ಎಲ್ಲರ ಕ್ಯೂವಿನ ಭಾರ ಹತ್ತಿರದವರೇ ಹೊರಬೇಕು. ಮೊದಲು ಬಂದ ನೆಂಟರಿಗೆ ಊಟ, ಮನೆಯವರಿಗೆ ಕೊನೆಯ ಪಂಕ್ತಿ ಅಂದ ಹಾಗೆ.

ಇನ್ನು ಪ್ರಯಾಣಿಕರ ಮನಸ್ಸು. ಇಪ್ಪತ್ತು ನಿಮಿಷ ಗೇಟಲ್ಲಿ ಕೂರಿಸಿದರೆ ಗಗನಸಖಿಯರಿಗೆ ಬೈಗುಳ. ಅದೇ ಇಪ್ಪತ್ತು ನಿಮಿಷ ಆಕಾಶದಲ್ಲಿ ಸುತ್ತಿಸಿದರೆ ಅರ್ಧ ಜನ ನಿದ್ದೆಯಲ್ಲಿರುತ್ತಾರೆ, ಇನ್ನರ್ಧ ಜನ ಫೋಟೋ ತೆಗೆಯುತ್ತಾರೆ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. "ಸಮಯಕ್ಕೆ ಸರಿಯಾಗಿ ಹೊರಟಿತು" ಎಂಬ ಹೆಮ್ಮೆಗೆ ಎಷ್ಟೋ ಸಲ ಮುಂಬೈಯ ಆಕಾಶದಲ್ಲಿ ಬಿಲ್ ಕಟ್ಟಿದ್ದೇವೆ.

ದಾರಿಯಲ್ಲೇ ನಿಧಾನ ಮಾಡುವುದು

ಮೇಲೆ, 35,000 ಅಡಿಯಲ್ಲಿ, ಸ್ವಲ್ಪ ವೇಗ ತಗ್ಗಿಸಿದರೆ ಸಾಲದೇ? ಕೇಳಲು ಬಹಳ ಸೊಗಸಾದ ಉಪಾಯ. ಎತ್ತರದಲ್ಲಿ ಒಂದು ಮಿತಿಯವರೆಗೆ ವೇಗ ಇಳಿಸಿದರೆ ಮೈಲಿಗೆ ಖರ್ಚಾಗುವ ಇಂಧನವೂ ಇಳಿಯುತ್ತದೆ. ತಡವನ್ನೂ ಕಳೆದಂತಾಯಿತು, ಎಣ್ಣೆಯೂ ಉಳಿಯಿತು. ಈಗಿನ ವಿಮಾನಗಳ ಕಂಪ್ಯೂಟರಿಗೆ "ಈ ಬಿಂದುವಿಗೆ ಇಷ್ಟು ಗಂಟೆಗೆ ತಲುಪು" ಎಂದು ಹೇಳಿದರೆ ಅದೇ ವೇಗ ಹೊಂದಿಸಿಕೊಳ್ಳುತ್ತದೆ.

ಲಂಡನ್ನಿನ ಹೀಥ್ರೂಗೆ 2014ರಿಂದ ಹೀಗೆ ಮಾಡುತ್ತಿದ್ದಾರೆ. ಅಲ್ಲಿ ನಾಲ್ಕು ಸುತ್ತುವ ಜಾಗಗಳಿವೆ, ಬೆಳಗಿನ ಹೊತ್ತು ತುಂಬಿ ತುಳುಕುತ್ತವೆ. 350 ನಾಟಿಕಲ್ ಮೈಲಿ (ಒಂದಕ್ಕೆ ಸುಮಾರು 1.85 ಕಿ.ಮೀ., ಮುಂದೆ ಮೈಲಿ ಎಂದರೆ ಇದೇ) ದೂರದಲ್ಲೇ, ಅಂದರೆ ಪಕ್ಕದ ದೇಶಗಳ ಕಂಟ್ರೋಲರ್‌ಗಳ ಕೈಯಲ್ಲೇ, ವಿಮಾನಗಳಿಗೆ ನಿಧಾನ ಮಾಡಲು ಹೇಳಿಸುತ್ತಾರೆ.

ಆದರೆ ಕಾಗದ ಪೆನ್ನು ಹಿಡಿದು ಕೂತರೆ ಉಪಾಯದ ಮಿತಿ ತಿಳಿಯುತ್ತದೆ. ಮಂಗಳೂರಿನಿಂದ ಮುಂಬೈಗೆ ಸುಮಾರು 700 ಕಿ.ಮೀ. ಏರುವುದು ಇಳಿಯುವುದು ಬಿಟ್ಟರೆ ಮೇಲೆ ಸಮವಾಗಿ ಹಾರುವುದು 200 ನಾಟಿಕಲ್ ಮೈಲಿ ಎಂದುಕೊಳ್ಳಿ. 450 ನಾಟ್ ವೇಗವನ್ನು, ಅಂದರೆ ಗಂಟೆಗೆ 450 ನಾಟಿಕಲ್ ಮೈಲಿಯನ್ನು, 415ಕ್ಕೆ ಇಳಿಸಿದರೂ ಸಿಗುವುದು ಎರಡೇ ನಿಮಿಷ. ಇಪ್ಪತ್ತು ನಿಮಿಷದ ತಡಕ್ಕೆ ಇದು ಯಾವ ಮೂಲೆಗೆ? ದುಬೈನಿಂದ ಬರುವ ವಿಮಾನ 800 ಮೈಲಿ ಸಮವಾಗಿ ಹಾರಿದರೆ, 450ರಿಂದ 425ಕ್ಕೆ ಇಳಿಸಿ ಆರು ನಿಮಿಷ ಕಳೆಯಬಹುದು. ಲಂಡನ್ನಿನಿಂದ ಬರುವ ಒಂಬತ್ತು ಗಂಟೆಯ ಹಾರಾಟದಲ್ಲಿ ನೂರಕ್ಕೆ ಮೂರರಷ್ಟು ವೇಗ ತಗ್ಗಿಸಿದರೆ ಕಾಲು ಗಂಟೆ ಸಿಗುತ್ತದೆ. ಆದರೆ ಒಂಬತ್ತು ಗಂಟೆ ಮುಂಚೆ ಮುಂಬೈಯ ಕ್ಯೂ ಹೇಗಿರುತ್ತದೆ ಎಂದು ಹೇಳಲು ಜ್ಯೋತಿಷಿಯೇ ಬೇಕು. ಕೊನೆಯ ಒಂದೆರಡು ಗಂಟೆಯಲ್ಲಿ ಮಾತ್ರ ನಂಬಬಹುದಾದ ಸಮಯ ಸಿಗುತ್ತದೆ.

ಅಲ್ಲದೆ, ನಿಧಾನವಾಗಿ ಬಂದವನ ಜಾಗವನ್ನು ಯಾರೂ ಕಸಿಯಬಾರದು. ಮೊದಲು ಬಂದವರಿಗೆ ಮೊದಲು ಎಂಬ ಪದ್ಧತಿ ಇರುವವರೆಗೆ ಯಾವ ಪೈಲಟ್ ಕಾಲು ಸಡಿಲಿಸುತ್ತಾನೆ? ಎಲ್ಲರೂ ಓಡೋಡಿ ಬಂದು ಕ್ಯೂ ಹಿಡಿಯುತ್ತಾರೆ, ಬಂದು ಸುತ್ತುತ್ತಾರೆ. ಮುಂಬೈಯಲ್ಲಿ ವಿರಾರ್ ಲೋಕಲ್ ರೈಲು ಹತ್ತುವ ಜನರ ಹಾಗೆ. ನಿಧಾನ ಮಾಡು ಅನ್ನುವ ಮೊದಲು "ನಿನ್ನ ಇಳಿಯುವ ಸಮಯ 7:42, ಅದು ನಿನ್ನದೇ" ಎಂಬ ಖಾತ್ರಿ ಬೇಕು.

ಕೊನೆಯ ಐವತ್ತು ಮೈಲಿ: ಎಳೆದಾಡುವುದೋ, ಕಮಾನು ಹಾಕುವುದೋ?

ಊರಿಗೆ ಹತ್ತಿರ ಬಂದ ಮೇಲೆ ಉಳಿಯುವುದು ಎರಡು ಮೂರು ನಿಮಿಷಗಳ ಹೊಂದಾಣಿಕೆ. ಹಳೆಯ ಪದ್ಧತಿ ವೆಕ್ಟರಿಂಗ್. ಕಂಟ್ರೋಲರ್ "ಎಡಕ್ಕೆ ತಿರುಗು, ಬಲಕ್ಕೆ ತಿರುಗು" ಎಂದು ದಾರಿ ಉದ್ದ ಮಾಡುತ್ತಾರೆ. ಒಳ್ಳೆಯ ಕಂಟ್ರೋಲರ್ ಕೈಯಲ್ಲಿ ಇದು ಕಲೆ. ಮಳೆಗಾಲದಲ್ಲಿ ಎದುರಿಗೆ ಗುಡುಗಿನ ಮೋಡ ನಿಂತಾಗ ಬೇರೆ ದಾರಿಯೂ ಇಲ್ಲ. ಆದರೆ ಇನ್ನು ಎಷ್ಟು ಮೈಲಿ ಹಾರಬೇಕು ಎಂದು ಪೈಲಟ್‌ಗೆ ತಿಳಿಯುವುದಿಲ್ಲ.

ಹೊಸದು ಪಾಯಿಂಟ್ ಮರ್ಜ್. ಯುರೋಪಿನ ಯುರೋಕಂಟ್ರೋಲ್ ಸಂಸ್ಥೆ ರೂಪಿಸಿದ್ದು. ಓಸ್ಲೋದಲ್ಲಿ 2011ರಲ್ಲಿ ಮೊದಲು ಬಂತು, ಮರುವರ್ಷ ಡಬ್ಲಿನ್‌ನಲ್ಲಿ. ಒಂದು ಬಿಂದು ಇಟ್ಟುಕೊಂಡು ಅದರಿಂದ ಸಮ ದೂರದಲ್ಲಿ ಕಮಾನಿನಂಥ ದಾರಿ ಹಾಕುತ್ತಾರೆ. ವಿಮಾನ ಆ ಕಮಾನಿನ ಮೇಲೆ ಹಾರುತ್ತಿರುತ್ತದೆ. ಸರದಿ ಬಂದಾಗ "ಈಗ ಬಿಂದುವಿಗೆ ನೇರ ಹೋಗು" ಎಂದು ಒಂದೇ ಮಾತು. ಕಮಾನಿನ ಎಲ್ಲಿಂದ ತಿರುಗಿದರೂ ಬಿಂದುವಿಗೆ ಅಷ್ಟೇ ದೂರ. ಹಾಗಾಗಿ ಯಾರು ಮುಂದೆ ಯಾರು ಹಿಂದೆ ಎಂದು ಕಣ್ಣಿಗೇ ಕಾಣುತ್ತದೆ. ರೇಡಿಯೋ ಮಾತು ಕಡಿಮೆ, ತಿರುಗಿದ ಮೇಲೆ ಪೈಲಟ್‌ಗೆ ಉಳಿದ ಮೈಲಿಯ ಲೆಕ್ಕ ಸ್ಪಷ್ಟ.

ಇದಕ್ಕೆ ಆಕಾಶದಲ್ಲಿ ವಿಶಾಲವಾದ ಜಾಗ ಬೇಕು. ಮುಂಬೈಗೆ ಪೂರ್ವದಲ್ಲಿ ಪುಣೆಯ ಲೋಹೆಗಾಂವ್ ವಾಯುಪಡೆ ನೆಲೆ. ಕೆಳಗೆ ಜುಹುವಿನ ಹೆಲಿಕಾಪ್ಟರ್‌ಗಳು. ಈಗ ಸುಮಾರು 25 ಕಿ.ಮೀ. ಆಚೆ ನವಿ ಮುಂಬೈ ನಿಲ್ದಾಣ ಬೇರೆ, 2025ರ ಡಿಸೆಂಬರ್ 25ರಿಂದ ಅಲ್ಲೂ ವಿಮಾನಗಳು ಓಡುತ್ತಿವೆ. ಕಮಾನು ಹಾಕುವುದಾದರೆ ಕಡಲ ಕಡೆಗೇ ಜಾಗ ಜಾಸ್ತಿ. ಕ್ಯೂ ಇಲ್ಲದ ಹೊತ್ತಲ್ಲೂ ವಿಮಾನಗಳನ್ನು ಕಮಾನಿನ ಮೇಲೆ ಹಾರಿಸಿದರೆ ಉಳಿಸಿದ್ದೆಲ್ಲ ಅಲ್ಲೇ ಹೋಯಿತು ಎನ್ನುವುದನ್ನೂ ಮರೆಯಬಾರದು.

ಇಲ್ಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ತಡೆಯಿಲ್ಲದ ಇಳಿತ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯದೆ ಜಾರುಬಂಡೆಯ ಹಾಗೆ ಒಂದೇ ಸಮನೆ ಇಳಿಯುವುದು, ಇವಕ್ಕೆಲ್ಲ ಬದಲಿ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಅದು ಕ್ಯೂ ಕರಗಿಸುವುದಿಲ್ಲ, ಇಳಿಯುವ ಆಕಾರವನ್ನು ಸರಿಮಾಡುತ್ತದೆ ಅಷ್ಟೇ. ಮೂರು ಡಿಗ್ರಿ ಇಳಿಜಾರಿನಲ್ಲಿ ಎಂಜಿನ್ ಸುಮ್ನೆ ಗುನುಗುತ್ತಿರುತ್ತದೆ. 36,000 ಅಡಿಯಿಂದ ಇಳಿಯಲು ನೂರಕ್ಕೂ ಜಾಸ್ತಿ ನಾಟಿಕಲ್ ಮೈಲಿ ಬೇಕು. ನಮ್ಮ ಮಂಗಳೂರಿನ ವಿಮಾನ ರತ್ನಾಗಿರಿ ದಾಟುತ್ತಿದ್ದಂತೆ ಜಾರಲು ಶುರುಮಾಡಬೇಕು. ಆದರೆ ಆ ಹೊತ್ತಿಗೆ ಇಳಿಯುವ ಸಮಯವೂ ಉಳಿದ ಮೈಲಿಯೂ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಜಾರಿ ಬಂದು ಕೆಳಗೆ ಸಮವಾಗಿ ಹಾರಬೇಕಾಗುತ್ತದೆ. ಕೆಳಗಿನ ದಪ್ಪ ಗಾಳಿಯಲ್ಲಿ ಹಾಗೆ ಹಾರುವುದೇ ಎಲ್ಲಕ್ಕಿಂತ ದುಬಾರಿ.

ಸರದಿ ಅದಲುಬದಲು ಮಾಡುವುದು ಇನ್ನೊಂದು ಜಾಣತನ. ದೊಡ್ಡ ವಿಮಾನದ ಹಿಂದೆ ಗಾಳಿಯ ಸುಳಿ ಇರುತ್ತದೆ. ಅದರ ಹಿಂದೆ ಮಧ್ಯಮ ಗಾತ್ರದ್ದು ಬಂದರೆ ಐದು ಮೈಲಿ ಅಂತರ ಬೇಕು. ದೊಡ್ಡದರ ಹಿಂದೆ ದೊಡ್ಡದಕ್ಕೆ ನಾಲ್ಕು, ಈ ಎರಡು ಗಾತ್ರಗಳ ಉಳಿದ ಜೋಡಿಗಳಿಗೆ ಮೂರು ಸಾಕು. ದೊಡ್ಡದು ಮಧ್ಯಮ ದೊಡ್ಡದು ಮಧ್ಯಮ ಎಂದು ಬಂದರೆ ಒಟ್ಟು 13 ಮೈಲಿ. ದೊಡ್ಡವೆರಡು ಮೊದಲು, ಮಧ್ಯಮದವೆರಡು ಆಮೇಲೆ ಬಂದರೆ 12. ಇಳಿಯಲೆಂದೇ ಒಂದು ರನ್‌ವೇ ಮೀಸಲಿಟ್ಟ ಊರಲ್ಲಿ ಇದು ಲಾಭ. ಮುಂಬೈಯಲ್ಲಿ ಎರಡು ಇಳಿತದ ನಡುವೆ ಒಂದು ಟೇಕಾಫ್ ನುಗ್ಗಿಸಬೇಕು, ಹೇಗೂ ಅಂತರ ಜಾಸ್ತಿಯೇ ಇರುತ್ತದೆ. ಇಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಹಾಗಾದರೆ ಯಾವುದು?

ನನ್ನನ್ನು ಕೇಳಿದರೆ ವಿಮಾನ ಎಲ್ಲಿಂದ ಬರುತ್ತಿದೆ ಎಂದು ನೋಡಿ ಆರಿಸಬೇಕು. ಒಂದೂವರೆ ಗಂಟೆಯೊಳಗಿನ ಹಾರಾಟಕ್ಕೆ ಗೇಟೇ ಸರಿ, ಎಂಜಿನ್ ಹಚ್ಚದೆ. ಗೋವಾ, ಹುಬ್ಬಳ್ಳಿ, ಮಂಗಳೂರು ಎಲ್ಲ ಇದರಲ್ಲೇ ಬಂದವು. ಗಲ್ಫ್ ಕಡೆಯಿಂದ ಬರುವವಕ್ಕೆ ದಾರಿಯಲ್ಲೇ ನಿಧಾನ ಮಾಡಿಸಬೇಕು, ಅವರ ಪಾಲಿನ ಐದಾರು ನಿಮಿಷವನ್ನು ಅವರೇ ಹೊರಲಿ. ಯುರೋಪಿನಿಂದ ಬರುವವಕ್ಕೂ ಅಷ್ಟೇ, ಆದರೆ ಕೊನೆಯ ಒಂದೆರಡು ಗಂಟೆಯಲ್ಲಿ. ಊರ ಹತ್ತಿರ ಮಳೆಯಿಲ್ಲದ ತಿಂಗಳುಗಳಲ್ಲಿ ಕಮಾನು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಟ್ರೋಲರ್ ಕೈಚಳಕ. ಎರಡು ನಿಲ್ದಾಣಗಳಿಗೂ ಒಂದೇ ಪಟ್ಟಿ ಇರಬೇಕು. ನವಿ ಮುಂಬೈಗೆ ಹೋಗುವವನೂ ಸಾಂತಾಕ್ರೂಜ್‌ನ ಹಳೆಯ ನಿಲ್ದಾಣಕ್ಕೆ ಬರುವವನೂ ಅದೇ ಆಕಾಶದಲ್ಲಿ ಜಾಗ ಕೇಳುತ್ತಾರೆ.

ಸುತ್ತುವುದನ್ನು ಪೂರ್ತಿ ನಿಲ್ಲಿಸಬೇಕೇ? ಬೇಡ. ದಟ್ಟಣೆಯ ಹೊತ್ತಲ್ಲಿ ಒಂದೋ ಎರಡೋ ವಿಮಾನ ಒಂದು ಸುತ್ತು ಹಾಕುತ್ತಿರಲಿ. ರನ್‌ವೇ ಖಾಲಿ ಬೀಳದಿರಲು ಅಷ್ಟು ಬೆಲೆ ಕೊಡಬಹುದು. ಹತ್ತು ವಿಮಾನ ಹತ್ತು ಸುತ್ತು ಹಾಕುವುದು ಮಾತ್ರ ಮೂರ್ಖತನ.

ಐದನೇ ಸುತ್ತಿನ ಮೇಲೆ ನಮ್ಮ ವಿಮಾನಕ್ಕೆ ಸರದಿ ಸಿಕ್ಕಿತು. ಮುಂದಿನ ಸಲ ಮಂಗಳೂರಲ್ಲೇ ಇಪ್ಪತ್ತು ನಿಮಿಷ ಕೂರಿಸಿದರೆ ಏನು ಮಾಡ್ತೀರಿ ಎಂದು ಶೆಟ್ರನ್ನು ಕೇಳಿದೆ. ಅವರು ಬೆಲ್ಟ್ ಬಿಗಿಮಾಡುತ್ತಾ ನಕ್ಕರು. "ಬೈತೇನೆ ಮಾರಾಯ್ರೆ. ಆದ್ರೆ ಇನ್ನು ಸ್ವಲ್ಪ ಮೆಲ್ಲ."